ಬೂದು ಗೆರೆ

"ಮುಟ್ಟಮ್ಮ, ಏನೂ ಆಗಲ್ಲ."

ಭಾಗ್ಯಮ್ಮ ಮೌಸ್ ಮೇಲೆ ಕೈ ಇಟ್ಲು, ಬಿಸಿ ತಪ್ಪಲೆ ಮುಟ್ಟಿದೋಳ ಥರ ಎಳ್ಕೊಂಡ್ಬಿಟ್ಲು. ಮಗಳು ಶ್ಯಾಮಲಾಗೆ ನಗು ಬಂತು. ಹೆಮ್ಮೆನೂ ಬಂತು. ಜನ್ಮದಲ್ಲಿ ಕಂಪ್ಯೂಟರ್ ಮುಟ್ಟದೇ ಇರೋರು ಬೇಕು ಅಂದಿದ್ರು ಆಫೀಸಲ್ಲಿ, ಹೊಸ ಸಾಫ್ಟ್‌ವೇರ್ ಟೆಸ್ಟಿಗೆ. ಟೀಮಲ್ಲಿ ಮಿಕ್ಕೋರ ಅಮ್ಮಂದಿರೆಲ್ಲ ಯಾವ್ಯಾವುದೋ ರಾಜ್ಯದಲ್ಲಿ. ಅವಳಮ್ಮ ಮಾತ್ರ ಪಕ್ಕದ ಕಾಡುಗೋಡಿಯಲ್ಲಿ, ಆಟೋ ಹತ್ತಿದ್ರೆ ಬಂದ್ಬಿಡೋ ದೂರ.

ವೈಟ್‌ಫೀಲ್ಡಿನ ಆ ಆಫೀಸಲ್ಲಿ ಮಾಡ್ತಿದ್ದಿದ್ದು ಗಂಟೆಗಟ್ಟಲೆ ವಿಡಿಯೋದೊಳಗೆ ಬೇಕಾದ್ದನ್ನ ಹುಡುಕೋ ಸ್ಕ್ರೀನು. ವಿಡಿಯೋನ ಪುಟಾಣಿ ಚಿತ್ರಗಳಾಗಿ ಹರಡುತ್ತೆ. ಒಂದು ಮುಖದ ಸುತ್ತ ಗೆರೆ ಎಳೆದ್ರೆ ಸಾಕು, ಆ ಮುಖ ಇರೋ ಜಾಗವೆಲ್ಲ ಮುಂದೆ ಬಂದು ನಿಲ್ಲುತ್ತೆ. ಆ ಸ್ಕ್ರೀನಿನ ರೂಪ ಪೂರ್ತಿ ಶ್ಯಾಮಲಾದು. ಬಣ್ಣ, ಬಟನ್ನು, ಕಣ್ಣು ಮೊದಲು ಎಲ್ಲಿ ಬೀಳ್ಬೇಕು ಅನ್ನೋದು, ಎಲ್ಲ. ಅದರಲ್ಲೂ ಜರಡಿ! ಏನೂ ಅಲ್ಲಾಡದ ಭಾಗಗಳನ್ನ ಜರಡಿ ಮೊದಲೇ ಸೋಸಿ, ಮಡಚಿ, ಕೆಳಗೊಂದು ಬೂದು ಗೆರೆ ಮಾಡಿಬಿಡುತ್ತೆ. ಹುಡುಕೋದು ಮಿಕ್ಕಿದ್ದರಲ್ಲಿ ಮಾತ್ರ. ಯಾರಿಗೆ ಬೇಕು ಸುಮ್ನೆ ನಿಂತಿರೋ ಗೋಡೆ? ಐಡಿಯಾನೂ ಅವಳದೇ, ಹೆಸರೂ ಅವಳದೇ. ಒಡಿಶಾದಿಂದ ಬಂದ ಹುಡುಗನೂ "ಜರಡಿ ಆನ್ ಕರೋ" ಅಂತಿದ್ದ. ಕೇಳಿದಾಗೆಲ್ಲ ಅವಳ ಬೆನ್ನು ನೆಟ್ಟಗಾಗ್ತಿತ್ತು.

"ಮಧ್ಯಾಹ್ನ ಕ್ಲೈಂಟ್ಸ್ ಬರ್ತಾರೆ," ಮ್ಯಾನೇಜರ್ ಶಶಿಕುಮಾರ್ ಬೆಳಿಗ್ಗೆನೇ ಹೇಳಿದ್ದ. "ಜರಡಿ ಇಷ್ಟ ಆದ್ರೆ ಪ್ರಾಜೆಕ್ಟ್ ನಮ್ದು. ನಿನ್ ಹೆಸರಲ್ಲೇ ತೋರಿಸ್ತೀನಿ. ನಿಮ್ಮಮ್ಮ ನೋಡಿ ಖುಷಿಪಡೋದನ್ನ ವೆಬ್‌ಕ್ಯಾಮಲ್ಲಿ ಹಿಡ್ಕೊ, ಅದನ್ನೂ ಡೆಮೋಗೆ ಹಾಕೋಣ. ಸಕ್ಕತ್ತಾಗಿರುತ್ತೆ."

ಗಾಜಿನ ರೂಮು. ವೆಬ್‌ಕ್ಯಾಮಿನ ಕೆಂಪು ದೀಪ ಹತ್ಕೊಂಡಿತ್ತು. ಸ್ಕ್ರೀನ್ ಮೇಲೆ ಅಕ್ಕನ ಮದುವೆ ವಿಡಿಯೋ, ಕತ್ತರಿ ಹಾಕದ ಎರಡು ದಿನದ್ದೂ ಪೂರ್ತಿ.

"ಯಾರನ್ನ ನೋಡ್ಬೇಕು ಹೇಳು, ಹುಡ್ಕಿ ಕೊಡುತ್ತೆ."

"ಯಾರ್ನಾದ್ರೂನಾ?"

"ಯಾರನ್ನಾದ್ರೂ."

ಭಾಗ್ಯಮ್ಮ ಸೆರಗು ಸರಿ ಮಾಡ್ಕೊಂಡ್ಲು. "ಅಂಗಾದ್ರೆ ನಿಮ್ಮಪ್ಪನ್ನ ತೋರ್ಸು."

ಅಪ್ಪ ಕೃಷ್ಣಪ್ಪ ಹೋಗಿ ಎರಡು ವರ್ಷ. ಅಮ್ಮ ಮದುಮಗಳನ್ನ ಕೇಳ್ತಾಳೆ, ಇಲ್ಲಾ ಬೀಗರ ಒಡವೆ ಕೇಳ್ತಾಳೆ ಅಂದ್ಕೊಂಡಿದ್ಲು ಶ್ಯಾಮಲಾ. ಏನೂ ತೋರಿಸ್ಕೊಳ್ಳದೆ, ಧಾರೆ ಎರೀತಿದ್ದ ಅಪ್ಪನ ಮುಖದ ಸುತ್ತ ಗೆರೆ ಎಳೆದ್ಲು. ರಪ್ಪಂತ ಬಂತು. ಧಾರೆಯ ಚಿತ್ರ, ಅದರ ಹಿಂದುಮುಂದಿನ ಒಂದೆರಡು. ಆಮೇಲೆ ಖಾಲಿ.

"ಅಷ್ಟೇನಾ?"

"ಅಷ್ಟೇ ಇರೋದಮ್ಮ. ಇದು ತಪ್ಪು ಮಾಡಲ್ಲ."

"ಎಲ್ಡು ದಿನ ಛತ್ರದಲ್ಲೇ ಇದ್ರಲ್ಲೇ. ಕಂಬದ ತಾವ ಕುಂತಿದ್ರು. ನಾನೇ ಕಾಫಿ ಕೊಟ್ಟಿವ್ನಿ."

"ಸುಮ್ನೆ ಕೂತಿದ್ರಾ?"

"ಇನ್ನೇನ್ ಕುಣೀತಿದ್ರಾ? ಈ ಕಂಪ್ನಿಗಳಿಗೆ ಜಮೀನು ಕೊಟ್ಮೇಲೆ ಅವರು ಮಾಡಿದ್ದೇ ಅದು."

ಶ್ಯಾಮಲಾಗೆ ಗೊತ್ತಾಗೋಯ್ತು. ಅಪ್ಪ ಅಲ್ಲಾಡಿಲ್ಲ. ಜರಡಿ ಆಫ್ ಮಾಡಿದ್ಲು.

ಬೂದು ಗೆರೆ ಬಿಚ್ಕೊಂತು. ಸ್ಕ್ರೀನ್ ತುಂಬ ಅಪ್ಪ. ಕಂಬ, ಪ್ಲಾಸ್ಟಿಕ್ ಕುರ್ಚಿ, ಬಿಳಿ ಶರ್ಟು, ಮೊಣಕಾಲ ಮೇಲೆ ಕೈ. ಕೆಳಗೆ ಎಳೆದ್ರೂ ಅಪ್ಪ, ಇನ್ನೂ ಎಳೆದ್ರೂ ಅಪ್ಪ. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಅಂದ್ರೆ ಒಂದರಲ್ಲಿ ಪಕ್ಕದಲ್ಲಿ ಕಾಫಿ ಲೋಟ ಇದೆ, ಇನ್ನೊಂದರಲ್ಲಿ ಇಲ್ಲ. ಅಷ್ಟೇ.

ಒಂದನ್ನ ಒತ್ತಿದ್ಲು. ಅಪ್ಪ ಕೂತಿದ್ದ.

"ಮುಂದಕ್ಕೆ ಓಡಿಸ್ಲಾ?"

"ಬ್ಯಾಡ. ಇರ್ಲಿ."

ಅಮ್ಮ ಮೊಣಕಾಲ ಮೇಲೆ ಕೈ ಇಟ್ಕೊಂಡು ನೋಡ್ತಾ ಕೂತ್ಲು. ಪಕ್ಕದಲ್ಲಿ ಶ್ಯಾಮಲಾನೂ ಕೂತ್ಲು. ಆ ಮದುವೇಲಿ ಅದೇ ಕಂಬದ ಮುಂದೆ ಎಷ್ಟು ಸಲ ಓಡಾಡಿರ್ಬೇಕು ಅವಳು. ಅಪ್ಪನ ಜೊತೆ ಏನು ಮಾತಾಡಿದೆ ಅಂತ ನೆನಪು ಮಾಡ್ಕೊಳೋಕೆ ನೋಡಿದ್ಲು. ಊಟ ಆಯ್ತಾ ಅಂತ ಕೇಳಿರ್ಬಹುದು. ಅದೂ ಖಾತ್ರಿ ಇಲ್ಲ.

ತುಂಬಾ ಹೊತ್ತಾದ್ಮೇಲೆ ಗಾಜಿನ ಮೇಲೆ ಟಕಟಕ. ಶಶಿಕುಮಾರ್ ತಲೆ ಹಾಕಿದ. "ಆಂಟಿ, ಹೆಂಗಿದೆ ಮಗಳ ಕೆಲ್ಸ?"

"ಬೋ ಚೆನ್ನಾಗೈತೆ ಕಣಪ್ಪ. ನನ್ ಮಗಳಲ್ವಾ ಮಾಡಿರೋದು?"

ಗೇಟ್ ಹತ್ರ ಆಟೋ ಹತ್ತುವಾಗ ಅಮ್ಮ ಅವಳ ಕೈ ಹಿಡ್ಕೊಂಡ್ಲು. "ಅದೇನೋ ಬಟನ್ನು ಒತ್ತಿದ್ಯಲ್ಲ, ಅದನ್ನ ಅಂಗೇ ಬುಟ್ಬುಡು. ಮತ್ತೆ ಮುಚ್ಚಬ್ಯಾಡ."

"ಆಯ್ತಮ್ಮ."

ಮೇಲೆ ಬಂದು ಶಶಿಕುಮಾರ್‌ಗೆ ಹೇಳಿದ್ಲು. "ಜರಡಿ ಒಂಚೂರು ಜಾಸ್ತಿ ಸೋಸ್ತಿದೆ ಅನ್ಸುತ್ತೆ."

"ಏನು ಬಿಟ್ಟೋಗ್ತಿದೆ?"

"ಅಂಥದ್ದೇನಿಲ್ಲ."

"ಮತ್ತೆ? ಕೈ ಮುಗೀತೀನಿ ತಾಯಿ, ಇವತ್ತು ಬೇಡ. ಆನ್ ಮಾಡು."

ಮಾಡಿದ್ಲು. ಯಾರೂ ಕೈ ಹಿಡಿದು ಒತ್ತಿಸ್ಲಿಲ್ಲ.

ಡೆಮೋ ಹೂ ಎತ್ತಿದ ಹಾಗೆ ನಡೀತು. ಬಿಳಿ ಗಡ್ಡದ ಕ್ಲೈಂಟ್ ಕುರ್ಚಿ ಮುಂದಕ್ಕೆ ಎಳ್ಕೊಂಡು, ತಾನೇ ಮೌಸ್ ಇಸ್ಕೊಂಡು ಆಡಿದ. "ಇದನ್ನ ಯೋಚಿಸಿದ್ದು ಯಾರು?" ಎಲ್ಲರೂ ಶ್ಯಾಮಲಾ ಕಡೆ ತಿರುಗಿದ್ರು. ಅವಳ ಎದೆ ಉಬ್ಬಿತು. ಸುಳ್ಳಲ್ಲ, ನಿಜವಾಗ್ಲೂ ಉಬ್ಬಿತು.

"ಈಗ ಶ್ಯಾಮಲಾ ಅವರ ಅಮ್ಮ," ಅಂದ ಶಶಿಕುಮಾರ್. "ಮೊದಲ ಸಲ ಕಂಪ್ಯೂಟರ್ ಮುಟ್ಟಿದೋರು."

ಅವಳು ಬೆಳಿಗ್ಗಿನ ರೆಕಾರ್ಡಿಂಗ್ ಹಾಕಿದ್ಲು. ಜರಡಿ ತನ್ನ ಕೆಲ್ಸ ಮಾಡ್ತು. ಅಮ್ಮ ಮೌಸಿಂದ ಕೈ ಎಳ್ಕೊಂಡಿದ್ದು. ಸೆರಗು ಸರಿ ಮಾಡ್ಕೊಂಡಿದ್ದು. ಆಮೇಲೆ ಬಾಗಿಲಲ್ಲಿ ಶಶಿಕುಮಾರ್ ತಲೆ. ನಡುವೆ, ಕೆಳಗಡೆ, ಒಂದು ಬೂದು ಗೆರೆ.

ರೂಮಲ್ಲಿ ನಗು, ಚಪ್ಪಾಳೆ.

"ಇಲ್ಲಿ ಏನಿತ್ತು?" ಕ್ಲೈಂಟ್ ಗೆರೆ ಮೇಲೆ ಬೆರಳಿಟ್ಟು ಕೇಳಿದ. ಸುಮ್ನೆ ಕುತೂಹಲಕ್ಕೆ.

"ಏನೂ ಇಲ್ಲ ಸರ್. ಸರಿಯಾಗೇ ಕೆಲ್ಸ ಮಾಡ್ತಿದೆ."

ಶ್ಯಾಮಲಾ ಥಟ್ಟಂತ ಹೇಳಿದ್ಲು. ಬೆರಳು ಮಾತ್ರ ಜರಡಿಯ ಬಟನ್ ಮೇಲೆ ಹೋಗಿ ನಿಂತಿತ್ತು. ಒತ್ತಲಿಲ್ಲ, ತೆಗೀಲೂ ಇಲ್ಲ. ಎಲ್ಲರೂ ಮುಂದಿನದ್ದಕ್ಕೆ ಕಾಯ್ತಿದ್ರು. ಮೀಟಿಂಗ್ ರೆಕಾರ್ಡ್ ಮಾಡ್ತಿದ್ದ ಗೋಡೆ ಮೇಲಿನ ಕ್ಯಾಮರಾದ ಕೆಂಪು ದೀಪ ಉರೀತಾನೇ ಇತ್ತು, ಅಲ್ಲಾಡದೆ ಕೂತಿದ್ದ ಅವಳನ್ನ ಹಿಡೀತಾ.