ಅಮ್ಮನ ಜಾಡಿ, ತಮ್ಮನ ಬಿಸಿನೀರು

ನಮ್ಮಮ್ಮ ಸಾಯುವಾಗ ಹೊಲ ಬಿಟ್ಟು ಹೋಗಲಿಲ್ಲ, ಚಿನ್ನ ಬಿಟ್ಟು ಹೋಗಲಿಲ್ಲ. ಒಂದು ಜಾಡಿ ಉಪ್ಪುಮೂಲಂಗಿ ಬಿಟ್ಟು ಹೋದಳು. ಹೋಗುವವಳು ಸುಮ್ಮನೆ ಹೋದಳೇ? ಅದಕ್ಕೊಂದು ಷರತ್ತನ್ನೂ ಕಟ್ಟಿ ಹೋದಳು.

"ಮೂರೂ ಜನ ಒಂದೇ ಮೇಜಿಗೆ ಕೂತ ದಿನ ತೆಗೀರಿ. ಒಬ್ಬರು ಕಡಿಮೆ ಇದ್ರೂ ಮುಚ್ಚಳ ಮುಟ್ಟಬೇಡಿ."

ಮೂರು ಜನ ಎಂದರೆ ನಾನು ಮೆಯ್‌ಯುನ್, ನನ್ನ ತಮ್ಮ ತಿಯೆನ್‌ಫು, ಕೊನೆಯವಳು ಲಿಂಗ್‌ಯು. ನನ್ನದು ತೌಫೆನ್ ಊರಿನ ಬಸ್ ನಿಲ್ದಾಣದ ಎದುರು ಊಟದ ಡಬ್ಬಿ ಕಟ್ಟಿಕೊಡುವ ಅಂಗಡಿ, ಮಹಡಿ ಮೇಲೆ ಮನೆ. ತಮ್ಮ ಅದೇ ನಿಲ್ದಾಣಕ್ಕೆ ಬಂದು ಹೋಗುವ ಬಸ್ಸಿನ ಡ್ರೈವರ್. ತಂಗಿ ಚಿಪ್ ಕಾರ್ಖಾನೆಯಲ್ಲಿ. ಎರಡು ದಿನ ಕೆಲಸ, ಎರಡು ದಿನ ರಜೆ, ಶಿಫ್ಟ್ ಅಂದರೆ ಹನ್ನೆರಡು ಗಂಟೆ. ನನ್ನ ಅಂಗಡಿಗೆ ಭಾನುವಾರ ಮಾತ್ರ ಬಿಡುವು. ಆ ಭಾನುವಾರ ತಂಗಿ ಬಿಡುವಾಗಿದ್ದರೆ ತಮ್ಮ ಬಸ್ಸಿನಲ್ಲಿ, ತಮ್ಮ ಬಿಡುವಾಗಿದ್ದರೆ ತಂಗಿ ಕಾರ್ಖಾನೆಯಲ್ಲಿ. ಹೊಸವರ್ಷಕ್ಕಾದರೂ ಸೇರೋಣ ಅಂದರೆ, ಹಬ್ಬಕ್ಕೆ ಊರಿಗೆ ಹೊರಟ ಜನರನ್ನು ಹೊತ್ತೊಯ್ಯಲು ಡ್ರೈವರ್ ಬೇಡವೇ? ಅಮ್ಮ ಹೋಗಿ ಎಂಟು ವರ್ಷವಾದರೂ ಜಾಡಿಯ ಮುಚ್ಚಳ ಏಳಲಿಲ್ಲ.

ನಿಜ ಹೇಳಬೇಕೆಂದರೆ ನಮಗೆ ಅದರ ಚಿಂತೆಯೂ ಅಷ್ಟಿರಲಿಲ್ಲ. ಹಕ್ಕಾ ಪಂಗಡದ ಜನ ನಾವು, ಕೂಡಿಡುವುದು ರಕ್ತದಲ್ಲೇ ಬಂದದ್ದು. ಉಪ್ಪುಮೂಲಂಗಿ ಮೊದಲ ವರ್ಷ ಹಳದಿ, ಹತ್ತು ವರ್ಷಕ್ಕೆ ಕಂದು, ಇಪ್ಪತ್ತು ದಾಟಿದರೆ ಕಾಡಿಗೆಯಷ್ಟು ಕಪ್ಪು. ಹಳತಾದಷ್ಟೂ ರುಚಿ, ಹಳತಾದಷ್ಟೂ ಮರ್ಯಾದೆ. ಅಂಥ ಒಂದೆರಡು ತುಂಡು ಹಾಕಿ ಕೋಳಿ ಸಾರು ಮಾಡಿದರೆ ಬೀದಿಗೆಲ್ಲ ಪರಿಮಳ. ಹಾಗಾಗಿ ರಜೆ ಸಿಗದ ಪ್ರತಿ ವರ್ಷವೂ ನಮಗೆ ಲಾಭದಂತೆಯೇ ಕಾಣುತ್ತಿತ್ತು. "ಇರ್ಲಿ ಬಿಡಿ, ಇನ್ನೊಂದು ವರ್ಷ ಕರ್ರಗಾಗುತ್ತೆ" ಎಂದು ಒಬ್ಬರಿಗೊಬ್ಬರು ಫೋನಿನಲ್ಲಿ ಹೇಳಿಕೊಂಡು ಹೆಮ್ಮೆಪಡುತ್ತಿದ್ದೆವು. ಮೂಲಂಗಿ ಕೆಡುವುದಿಲ್ಲ ಎಂಬ ಧೈರ್ಯದಲ್ಲಿ ಮನುಷ್ಯರೂ ಕೆಡುವುದಿಲ್ಲ ಅಂದುಕೊಂಡಿದ್ದೆವೋ ಏನೋ.

ಆ ಜಾಡಿಯದು ನಾವೇ ತುಳಿದ ಮೂಲಂಗಿ. ನಮ್ಮ ಹುಟ್ಟೂರು ಗೊಂಗ್ವಾನ್‌ನಲ್ಲಿ ಎರಡನೆಯ ಬೆಳೆಯ ಭತ್ತ ಕೊಯ್ದ ಮೇಲೆ ಗದ್ದೆಗೆಲ್ಲ ಮೂಲಂಗಿ ಹಾಕುತ್ತಿದ್ದರು. ಕಿತ್ತು ತೊಳೆದು, ಮರದ ದೊಡ್ಡ ತೊಟ್ಟಿಯಲ್ಲಿ ಉಪ್ಪು ಸುರಿದು, ಮಕ್ಕಳನ್ನು ಅದರೊಳಗೆ ಇಳಿಸುತ್ತಿದ್ದರು, ತುಳಿಯಿರಿ ಎಂದು. ಚಳಿಗೆ ಒಡೆದ ಹಿಮ್ಮಡಿಗೆ ಉಪ್ಪು ಹತ್ತಿ ತಿಯೆನ್‌ಫು ಹಾಡು ಕಟ್ಟಿ ಅಳುತ್ತಿದ್ದ, ಆದರೂ ತುಳಿಯುವುದನ್ನು ನಿಲ್ಲಿಸುತ್ತಿರಲಿಲ್ಲ. ಬೆಳಿಗ್ಗೆ ಅಂಗಳದಲ್ಲಿ ಹರವು, ಸಂಜೆ ತುಂಬು, ಮತ್ತೆ ತುಳಿ. ಬಾಡಿದ ಮೂಲಂಗಿಯನ್ನು ಬಾಯಿಗೆ ಹಾಕಿಕೊಂಡು "ಉಪ್ಪು ಜಾಸ್ತಿ" ಎಂದವರಿಗೆ ಅಮ್ಮ ಇನ್ನೊಂದು ತುಂಡು ತುರುಕುತ್ತಿದ್ದಳು. ಅದೇ ಆಸೆಗೆ ತಿಯೆನ್‌ಫು ದಿನಕ್ಕೆ ಹತ್ತು ಸಲ ಉಪ್ಪು ಜಾಸ್ತಿ ಅನ್ನುತ್ತಿದ್ದ.

ಜಾಡಿ ಇದ್ದದ್ದು ನನ್ನ ಅಂಗಡಿಯ ಹಿಂಭಾಗದಲ್ಲಿ, ಪರದೆಯ ಆಚೆ, ಅಕ್ಕಿ ಚೀಲಗಳ ಪಕ್ಕ. ಅಲ್ಲೇ ಒಂದು ಗಿಡ್ಡ ಸ್ಟೂಲು. ತಿಯೆನ್‌ಫುಗೆ ಎರಡು ಟ್ರಿಪ್ಪಿನ ನಡುವೆ ಮುಕ್ಕಾಲು ಗಂಟೆ ಬಿಡುವಿದ್ದ ಕಾಲದಲ್ಲಿ ಆ ಸ್ಟೂಲಿನ ಮೇಲೆ ಕೂತು, ಅಕ್ಕಿ ಚೀಲಕ್ಕೆ ಒರಗಿ ನಿದ್ದೆ ತೆಗೆಯುತ್ತಿದ್ದ. ಆಮೇಲೆ ಡ್ರೈವರುಗಳು ಒಬ್ಬೊಬ್ಬರಾಗಿ ಕೆಲಸ ಬಿಟ್ಟರು; ಅವರ ಟ್ರಿಪ್ಪುಗಳು ಉಳಿದವರ ತಲೆಗೆ ಬಂದವು. ಬಿಡುವು ಕಾಲು ಗಂಟೆಗೆ ಇಳಿಯಿತು. ನಿದ್ದೆ ಹೋಯಿತು, ಬಿಸಿನೀರು ಮಾತ್ರ ಉಳಿಯಿತು.

ಹೌದು, ಬಿಸಿನೀರು. ಮುಚ್ಚಳದ ಸ್ಟೀಲ್ ಲೋಟ ಹಿಡಿದು ಒಳಗೆ ನುಗ್ಗುವನು, ನಾನು ಡಬ್ಬಿಗೆ ಅನ್ನ ಒತ್ತುತ್ತಿರುವಾಗಲೇ ಲೋಟ ಚಾಚುವನು.

"ಅಕ್ಕಾ, ನೀರು."

"ಮೂರು ಥರ ಪಲ್ಯ ಮಾಡಿದೀನಿ, ಮೀನು ಕರಿದಿದೀನಿ. ನಿಂಗೆ ನೀರೇ ಬೇಕಾ? ಹಿಂದಿನ ಜನ್ಮದಲ್ಲಿ ಕಪ್ಪೆ ಆಗಿದ್ಯೇನೋ?"

"ಡ್ರೈವರ್ ಹೊಟ್ಟೆ ಕಣಕ್ಕ. ಬಿಸಿನೀರು ಬಿದ್ರೆ ಸಾಕು, ಸರಿ ಹೋಗುತ್ತೆ."

ಪರದೆಯ ಆಚೆ ಹೋಗಿ ಕೂರುವನು. ಮಧ್ಯಾಹ್ನದ ಗಲಾಟೆಯಲ್ಲಿ ನನಗೆ ಅವನ ಮುಖ ಕಾಣುತ್ತಿರಲಿಲ್ಲ. ಹೊರಗೆ ಬರುವಾಗ ಮಾತ್ರ ಬೇರೆಯವನಾಗಿರುತ್ತಿದ್ದ. ಭುಜ ಇಳಿದಿರುತ್ತಿತ್ತು, ಕಣ್ಣಲ್ಲಿ ಸ್ವಲ್ಪ ಪೋರತನ. ಸಾಲಿನಲ್ಲಿ ನಿಂತ ಕಟ್ಟಡ ಕೆಲಸದವರನ್ನು ಕೆಣಕುವನು, "ಅಕ್ಕನ ಅಂಗಡೀಲಿ ಮೀನು ತಗೊಳ್ಳಿ, ಮೊನ್ನೆ ಮೊನ್ನೆವರೆಗೂ ಜೀವಂತ ಇತ್ತು" ಎಂದು. ನಾನು ಸೌಟು ಎತ್ತುವುದರೊಳಗೆ ಬಸ್ಸು ಹತ್ತಿಬಿಡುವನು. ಬಿಸಿನೀರಿಗೆ ಅಷ್ಟು ಶಕ್ತಿಯಿದೆಯೇ ಎಂದು ನಾನೂ ಒಂದೆರಡು ದಿನ ಕುಡಿದು ನೋಡಿದೆ. ನಾಲಿಗೆ ಸುಟ್ಟದ್ದಷ್ಟೇ ಲಾಭ.

ಗೊಂಗ್ವಾನ್ ಸಂತೆಯ ಮೇಲೆ ಹಾದು ಬರುವ ಟ್ರಿಪ್ ಸಿಕ್ಕಿದಾಗ ಹೊಸ ಉಪ್ಪುಮೂಲಂಗಿಯ ಪೊಟ್ಟಣ ತರುವನು. ಅರ್ಧ ನನಗೆ, ಮೊಟ್ಟೆ ದೋಸೆಗೆ. ಇನ್ನರ್ಧ ಯಾರಿಗೋ ಜೊತೆಯ ಡ್ರೈವರಿಗೆ ಅನ್ನುತ್ತಿದ್ದ. ಯಾರೆಂದು ನಾನು ಕೇಳಲಿಲ್ಲ.

ಕಳೆದ ಚಳಿಗಾಲದ ಸಂಕ್ರಮಣ, ಮನೆಮಂದಿಯೆಲ್ಲ ಕೂಡಿ ಉಣ್ಣುವ ಹಬ್ಬ, ಭಾನುವಾರ ಬಿತ್ತು. ತಂಗಿಗೆ ಬಿಡುವಿನ ದಿನ. ತಮ್ಮ ಎರಡು ತಿಂಗಳ ಮೊದಲೇ ರಜೆ ಕೇಳಿದ್ದ, ಸಿಕ್ಕಿಯೂ ಇತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಹಿಂದಿನ ಸಂಜೆ ಡಿಪೋದಿಂದ ಕರೆ ಬಂತಂತೆ, ಜನ ಸಾಲದು, ಬಾ ಎಂದು.

"ಬೆಳಗಿನ ಟ್ರಿಪ್ಪು ಮಾತ್ರ ಕಣಕ್ಕ" ಎಂದ ಫೋನಿನಲ್ಲಿ. "ಮಧ್ಯಾಹ್ನ ಬಸ್ಸು ನಿನ್ನ ಎದುರಿಗೇ ನಿಲ್ಸಿ, ಇನ್ನೊಬ್ಬನ ಕೈಗೆ ಕೀಲಿ ಕೊಟ್ಟು, ರಸ್ತೆ ದಾಟಿದ್ರೆ ಆಯ್ತು. ಜಾಡಿ ಮೇಜಿನ ಮೇಲಿಡು. ನಾನು ಬರೋವರೆಗೂ ಮುಟ್ಟಂಗಿಲ್ಲ. ಮುಚ್ಚಳ ನಾನೇ ತೆಗೀಬೇಕು, ಗೊತ್ತಾಯ್ತಾ?"

"ನೀನೇನು ಮಂತ್ರಿಯೇನೋ, ಉದ್ಘಾಟನೆ ಮಾಡಕ್ಕೆ?"

"ತೆಗೆದಾಗ ನಿಮ್ಮಿಬ್ರ ಮುಖ ನೋಡಬೇಕು ನಂಗೆ" ಎಂದು ನಕ್ಕ.

ಅಂಗಡಿಯ ಬಾಗಿಲು ಅರ್ಧ ಇಳಿಸಿ, ನಡುವೆ ಮೇಜು ಹಾಕಿ, ಮೂರು ಬಟ್ಟಲು ಇಟ್ಟೆವು. ಕೋಳಿ ತೊಳೆದಾಗಿತ್ತು. ಜಾಡಿಯ ಧೂಳು ಒರೆಸಿ ನಡುವೆ ಇಟ್ಟೆ. ಬಸ್ಸು ಹೇಳಿದ ಹೊತ್ತಿಗೆ ಬಂತು, ಎದುರಿಗೇ ನಿಂತಿತು. ಬಾಗಿಲು ತೆರೆಯಿತು, ಜನ ಇಳಿದರು. ಗಾಜಿನ ಹಿಂದೆ ಅವನ ತಲೆ ಸ್ಟಿಯರಿಂಗ್ ಮೇಲೆ ಬಾಗಿದ್ದು ಇಲ್ಲಿಂದಲೇ ಕಾಣುತ್ತಿತ್ತು.

"ಕರ್ಕೊಂಡು ಬರ್ಲಾ?" ಎಂದು ಲಿಂಗ್‌ಯು ಎದ್ದಳು.

"ಇಡೀ ವಾರ ಮಲಗಿಲ್ಲ ಅವನು. ಇನ್ನೊಬ್ಬ ಡ್ರೈವರ್ ಬರೋವರೆಗೂ ಮಲಗ್ಲಿ, ಬಿಡೆ" ಎಂದೆ.

ಇನ್ನೊಬ್ಬ ಡ್ರೈವರ್ ಬಂದು, ಮೆಟ್ಟಿಲು ಹತ್ತಿ, ಅವನ ಭುಜ ಅಲುಗಿಸಿ, ಹಿಂದಕ್ಕೆ ಹಾರಿ ಇಳಿದದ್ದನ್ನು ನಾವಿಬ್ಬರೂ ಬಟ್ಟಲುಗಳ ಮುಂದೆ ಕೂತು ನೋಡಿದೆವು. ಆಸ್ಪತ್ರೆಯವರು ಹೃದಯ ನಿಂತಿದೆ ಎಂದರು. ಬಸ್ಸು ನಿಲ್ಲಿಸಿ, ಬ್ರೇಕ್ ಹಾಕಿ, ಬಾಗಿಲು ತೆರೆದು, ಎಲ್ಲರೂ ಇಳಿದ ಮೇಲೆ ನಿಂತಿತಂತೆ. ಅವನ ಶಿಸ್ತಿಗೆ ಬೆಂಕಿ ಹಾಕ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದನ್ನು ಎಷ್ಟೋ ಸಲ ಅಂದಿದ್ದೇನೆ, ಅರ್ಥ ಆದದ್ದು ಆವತ್ತು.

ಕಂಪನಿಯವರು ದೊಡ್ಡ ಹೂಮಾಲೆ ಕಳಿಸಿದರು. ಅವನಿಗೆ ಮೊದಲೇ ಕಾಯಿಲೆಯಿತ್ತು ಎಂದರು. ಮರುವಾರ ಉಳಿದ ಡ್ರೈವರುಗಳಿಗೆಲ್ಲ ಪುಕ್ಕಟೆ ಹೃದಯ ತಪಾಸಣೆಯಂತೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವವರು ಎಲ್ಲ ದೇಶದಲ್ಲೂ ಇದ್ದಾರೆ. ಅವರ ಮನುಷ್ಯನೊಬ್ಬ ಬಸ್ಸಿನಲ್ಲಿದ್ದ ತಮ್ಮನ ಚೀಲ ತಂದುಕೊಟ್ಟು, ಬಗ್ಗಿ ನಮಸ್ಕರಿಸಿ ಹೋದ. ನಾನು ಅದನ್ನು ಬಿಚ್ಚಲಿಲ್ಲ. ಅಕ್ಕಿ ಚೀಲದ ಮೇಲೆ ಎಸೆದೆ.

ಜಾಡಿಯನ್ನೂ ಪರದೆಯ ಆಚೆ ಇಟ್ಟುಬಿಟ್ಟೆ. ದಿನವೂ ಅಕ್ಕಿ ತೆಗೆಯಲು ಹೋದಾಗ ಅದು ಕಾಣುತ್ತಿತ್ತು. ಎಂಟು ವರ್ಷ ಅವನು ಅದರ ಪಕ್ಕದಲ್ಲೇ ಕೂತು ಬರೀ ನೀರು ಕುಡಿದು ಹೋದನಲ್ಲ, ಒಂದು ತುಂಡಾದರೂ ಅವನ ನಾಲಿಗೆಗೆ ತಾಗಲಿಲ್ಲವಲ್ಲ ಎಂಬ ಸಂಕಟ ಒಂದೇ ಸಮನೆ ಕೊರೆಯುತ್ತಿತ್ತು. ಅಮ್ಮನ ಮೇಲೆ ಸಿಟ್ಟು ಬಂತು. ಸತ್ತವಳ ಜೊತೆ ಜಗಳ ಆಡಿದೆ.

ಏಳನೆಯ ವಾರದ ಪೂಜೆಗೆ, ಸತ್ತವನಿಗೆ ಕೊನೆಯ ಊಟ ಬಡಿಸುವ ದಿನಕ್ಕೆ, ಜಾಡಿ ತೆಗೆಯುವುದೆಂದು ನಿರ್ಧರಿಸಿದೆ. ಅವನ ಫೋಟೋ ಮೇಜಿನ ತಲೆಗೆ ಇಟ್ಟರೆ ಮೂವರಾಗುತ್ತೇವೆ. ಇಲ್ಲವೆನ್ನುವವರು ಬಂದು ಹೇಳಲಿ. ಲಿಂಗ್‌ಯು ಅರ್ಧ ದಿನದ ರಜೆ ಗಿಟ್ಟಿಸಿಕೊಂಡು ಬಂದಳು. ಸಂಜೆ ಕಾರ್ಖಾನೆಯ ಬಸ್ಸಿಗೆ ಹೋಗಲೇಬೇಕು. ಊದುಬತ್ತಿ ಹಚ್ಚಿ, ಕೋಳಿ ಒಲೆಗಿಟ್ಟು, ಮುಚ್ಚಳ ತಿರುಗಿಸಿದೆ. ಗಟ್ಟಿ ಕಚ್ಚಿಕೊಂಡಿರುತ್ತದೆ ಎಂದು ಬಲ ಹಾಕಿದರೆ ಸುಲಭವಾಗಿ ಬಂದುಬಿಟ್ಟಿತು.

ಮೇಲೆ ಮೂರು ತುಂಡು. ಕಾಡಿಗೆ ಕಪ್ಪು, ಎಣ್ಣೆಯ ಹೊಳಪು. ಅಮ್ಮನದೇ. ಅದರ ಕೆಳಗೆ ಬೆರಳು ಹಾಕಿದರೆ ಹಳದಿ. ಇನ್ನೂ ಕೆಳಗೆ ಹೋದಂತೆ ತೆಳು ಕಂದು. ಕಪ್ಪು ಎಂಬುದು ಬೇರೆಲ್ಲೂ ಇಲ್ಲ.

"ಕಳ್ಳತನ ಆಗಿದೆ ಅಕ್ಕ!" ಲಿಂಗ್‌ಯು ಕಿರುಚಿದಳು. "ಸಂತೆ ಮಾಲು ತುಂಬಿಟ್ಟಿದಾರೆ! ಪರದೆ ಹಿಂದೆ ಯಾರ್ಯಾರ್ನ ಬಿಟ್ಟಿದ್ದೆ ನೀನು?"

ಯಾರ್ಯಾರನ್ನೂ ಬಿಟ್ಟಿರಲಿಲ್ಲ. ಒಬ್ಬನನ್ನು ಬಿಟ್ಟಿದ್ದೆ.

ಅಕ್ಕಿ ಚೀಲದ ಮೇಲಿದ್ದ ಅವನ ಚೀಲ ತಂದು ಬಿಚ್ಚಿದೆ. ಬೆನ್ನಿಗೆ ಇಟ್ಟುಕೊಳ್ಳುವ ದಿಂಬು, ಟವೆಲು, ಸ್ಟೀಲ್ ಲೋಟ. ಲೋಟದ ತಳದಲ್ಲಿ ಕರಿ ಕಲೆ ಒಣಗಿ ಕೂತಿತ್ತು. ಮೂಗಿಗೆ ಹಿಡಿದೆ. ಬಿಸಿಲಿಗೆ ಕಾದ ಅಂಗಳ, ತೊಟ್ಟಿ, ಅಮ್ಮನ ಕೈ. ಲಿಂಗ್‌ಯು ಮೂಗಿಗೂ ಹಿಡಿದೆ.

ಅವಳು ಲೋಟವನ್ನು ಕಿತ್ತುಕೊಂಡು ಫೋಟೋದ ಕಡೆ ತಿರುಗಿದಳು. "ಲೋ ಕಳ್ಳ ನನ್ಮಗನೇ" ಎಂದಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ನಾನು ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರೆ. ನಮ್ಮವನು ತಿಂದದ್ದನ್ನು ನನ್ನ ಕೈಯ ನೀರಲ್ಲೇ ಅದ್ದಿ ಕುಡಿದಿದ್ದ. ದಿನಕ್ಕೆ ಒಂದು ಚೂರು. ತೆಗೆದಷ್ಟು ಹೊಸದು ತಂದು ತುಂಬಿದ್ದ, ಮುಂದೆ ಅದೂ ಕಪ್ಪಾಗಲಿ ಎಂದು. ಸೇರುವ ದಿನಕ್ಕೆಂದು ಮೂರು ಉಳಿಸಿದ್ದ, ಒಬ್ಬೊಬ್ಬರಿಗೆ ಒಂದೊಂದು. ಮುಚ್ಚಳ ನಾನೇ ತೆಗೆಯಬೇಕು ಎಂದದ್ದು ಅದಕ್ಕೇ. ನಮ್ಮ ಮುಖ ನೋಡಬೇಕಾಗಿತ್ತಂತೆ.

ತಿಂದನಲ್ಲ, ಸದ್ಯ. ಏಳು ವಾರದಲ್ಲಿ ಮೊದಲ ಸಲ ನನ್ನ ಉಸಿರು ಪೂರ್ತಿ ಒಳಗೆ ಹೋಗಿ ಬಂತು. ಆದರೆ ಅವನಿಲ್ಲ ಎಂಬುದು ಅದರಿಂದ ಒಂದು ಕೂದಲೆಳೆಯೂ ಕಡಿಮೆಯಾಗಲಿಲ್ಲ.

ಕೋಳಿ ಇನ್ನೂ ಬೇಯುತ್ತಿತ್ತು. ಲಿಂಗ್‌ಯು ಫೋನು ನೋಡಿ ಎದ್ದು ಮುಖ ತೊಳೆದಳು. "ಅಕ್ಕ, ಬಸ್ಸು ಬರುತ್ತೆ. ಸಾರು ಆಗೋವರೆಗೂ ಆಗಲ್ಲ. ನೀನೂ ಅಣ್ಣನೂ ತಿನ್ನಿ. ನಂದು ಜಾಡೀಲೇ ಇಟ್ಟಿರು, ಮುಂದಿನ ಸಲ..."

"ಬಾಯಿ ಮುಚ್ಚು" ಎಂದೆ. ಮುಂದಿನ ಸಲ ಎಂಬ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ಒಂದು ಕರಿ ತುಂಡನ್ನು ತಮ್ಮನ ಫೋಟೋದ ಮುಂದಿನ ಬಟ್ಟಲಿಗೆ ಹಾಕಿದೆ. ಇನ್ನೊಂದನ್ನು ಅವನ ಸ್ಟೀಲ್ ಲೋಟಕ್ಕೆ ಹಾಕಿ, ಕುದಿಯುವ ನೀರು ಸುರಿದು, ಮುಚ್ಚಳ ತಿರುಗಿಸಿ, ಅವಳ ಕೈಗೆ ತುರುಕಿ ಹೊರಗೆ ತಳ್ಳಿದೆ.

ಸ್ವಲ್ಪ ಹೊತ್ತಿಗೆ ಫೋನು ಬಂತು. ಹಿಂದೆ ಬಸ್ಸಿನ ಸದ್ದು. ಅವಳು ಲೋಟದಿಂದ ಒಂದು ಗುಟುಕು ಹೀರಿದ್ದು ಕೇಳಿಸಿತು. "ಉಪ್ಪು ಜಾಸ್ತಿ" ಎಂದಳು.

"ಹಾಗಾದ್ರೆ ನಾಳೆ ಬಾ. ನನ್ನ ಪಾಲಿಂದು ಅರ್ಧ ಕೊಡ್ತೀನಿ."

"ನಾಳೇನೂ ಶಿಫ್ಟ್ ಇದೆ ಅಕ್ಕ. ಕೂರಕ್ಕೆಲ್ಲಿ ಟೈಮು?"

"ಕೂರಬೇಡ" ಎಂದೆ. "ನಿಂತ್ಕೊಂಡೇ ಕುಡಿದು ಹೋಗು."