ನನ್ನ ಸಾಕ್ಷಿ ಸಾಲದಾಯಿತು

ನಾನು ಒಂದು ಶ್ರುತಿಕವೆ, ಇಂಗ್ಲಿಷಿನಲ್ಲಿ ಟ್ಯೂನಿಂಗ್ ಫೋರ್ಕ್. ಉಕ್ಕನ್ನು ಕಾಯಿಸಿ, ಬಾಗಿಸಿ, ಎರಡು ಕವಲು, ಒಂದು ಹಿಡಿ ಕೊಟ್ಟು ನನ್ನನ್ನು ಮಾಡಿದರು. ತಟ್ಟಿದರೆ ನಡುಗುತ್ತೇನೆ. ವೈದ್ಯರು ನನ್ನ ಬುಡವನ್ನು ರೋಗಿಯ ಕಾಲಿನ ಎಲುಬಿಗೆ ಒತ್ತಿ, "ಗೊತ್ತಾಗ್ತದೇನು?" ಎಂದು ಕೇಳುತ್ತಾರೆ. ಗೊತ್ತಾದರೆ ನರ ಚೆನ್ನಾಗಿದೆ ಎಂದು ಬಹಳ ವರ್ಷ ನಾನೂ ನಂಬಿದ್ದೆ.

ನನ್ನ ಮೊದಲ ಒಡೆಯರು ಹುಬ್ಬಳ್ಳಿಯ ನರರೋಗ ವೈದ್ಯ ಡಾ. ಹೆರಕಲ್. ಸುಳ್ಳು ಹಿಡಿಯುವುದರಲ್ಲಿ ತಾವು ಗಟ್ಟಿಗರೆಂಬ ಹೆಮ್ಮೆ ಅವರಿಗೆ. ಕುಂಟುತ್ತ ಬಂದವರನ್ನೆಲ್ಲ ಕನ್ನಡಕದ ಮೇಲಿಂದ ನೋಡುತ್ತಿದ್ದರು. ಅವರ ಕೈಯಲ್ಲಿದ್ದು ಅನುಮಾನ ನನಗೂ ಅಂಟಿತ್ತು.

ಒಂದು ಮಧ್ಯಾಹ್ನ ಬಸ್ ಕಂಡಕ್ಟರ್ ಶಿವಲೀಲಾ ಚಪ್ಪಲಿ ಕೈಯಲ್ಲಿ ಹಿಡಿದು ಒಳಬಂದರು.

"ಕೆಂಡ ತುಳದಂಗ ಅಂಗಾಲು ಉರಿತಾವ್ರಿ ಸಾಹೇಬ್ರ. ಚಾದರ ತಾಗಿದ್ರೂ ತಡಕೊಳ್ಳಾಕ ಆಗೂದಿಲ್ರಿ."

ಇಂಥ ಉರಿಗೆ ಸಾಮಾನ್ಯ ಕಾರಣವಾದ ಸಕ್ಕರೆ ಕಾಯಿಲೆ ಆಕೆಗೆ ಇರಲಿಲ್ಲ. ಡಾಕ್ಟರು ನನ್ನನ್ನು ಆಕೆಯ ಕಾಲಿನ ಹೆಬ್ಬೆರಳಿಗೆ ಒತ್ತಿದರು. ನನ್ನ ನಡುಕ ಆಕೆಗೆ ಪೂರಾ ಗೊತ್ತಾಯಿತು. ಡಾಕ್ಟರು ನನ್ನನ್ನು ಟ್ರೇಗೆ ಹಾಕಿ ಕೇಳಿದರು: "ನರ ಎಲ್ಲಾ ಛಲೋ ಅದಾವ. ಡ್ಯೂಟಿ ತಪ್ಪಿಸ್ಕೊಳ್ಳೂ ವಿಚಾರ ಏನರ ಐತೇನು?"

"ಸುಳ್ಳ ಹೇಳಾಕ ಇಲ್ಲಿಮಟ ಬರ್ತೀನೇನ್ರಿ?"

ಡಾಕ್ಟರು ಪೆನ್ನು ತೆಗೆದರು. 'ನರದ ತೊಂದರೆಯಿಲ್ಲ' ಎಂಬ ಚೀಟಿ ಸಿಕ್ಕಿತು. ಈ ಹೆಂಗಸು ನಟಿಸುತ್ತಿದ್ದಾಳೆ ಎಂದು ನಾನೂ ಅಂದುಕೊಂಡೆ.

ಮರುವರ್ಷ ಹೆರಕಲ್ ನಿವೃತ್ತರಾದರು. ಅವರ ಚೀಲದ ಜೊತೆ ನಾನು ಅವರ ಶಿಷ್ಯೆ ಡಾ. ತಬಸ್ಸುಮ್ ಕೈಗೆ ಬಂದೆ. ಶಿವಲೀಲಾ ಮತ್ತೆ ಬಂದರು. ಪದೇ ಪದೇ ರಜೆ ಹಾಕಿದ್ದಕ್ಕೆ ಡಿಪೊದವರು ಕೆಲಸದಿಂದ ತೆಗೆಯುವ ನೋಟಿಸ್ ಕೊಟ್ಟಿದ್ದರು. ನನ್ನನ್ನು ಕಂಡದ್ದೇ ಶಿವಲೀಲಾ ಕಾಲು ಹಿಂದಕ್ಕೆಳೆದುಕೊಂಡರು.

"ಅದನ್ನ ಒಳಗಿಡ್ರಿ ಮೇಡಂ. ಅದರ ಮ್ಯಾಲೆ ನನಗ ನಂಬಿಗಿ ಇಲ್ಲ."

ತಬಸ್ಸುಮ್ ನನ್ನನ್ನು ಮೇಜಿನ ಮೇಲಿಟ್ಟರು. ಶಿವಲೀಲಾ ಎರಡು ಮಾತಿಗೊಮ್ಮೆ ನೀರು ಗುಟುಕರಿಸುವುದನ್ನು ನೋಡುತ್ತಿದ್ದರು.

"ಬಾಯಿ ಒಣಗ್ತದೇನು? ಕಣ್ಣಾಗ ಉಸುಕು ಬಿದ್ದಂಗ ಆಗ್ತದ?"

"ಹೌದ್ರಿ! ನಿಮಗ ಹೆಂಗ ಗೊತ್ತಾತು?"

ರಕ್ತ ಪರೀಕ್ಷೆಯಾಯಿತು. ಕಣಕಾಲಿನ ಮೇಲಿಂದ ಎಳ್ಳಿನಷ್ಟು ಚರ್ಮ ತೆಗೆದು ಲ್ಯಾಬಿಗೆ ಕಳಿಸಿದರು. ಎರಡು ವಾರದ ಮೇಲೆ ತಬಸ್ಸುಮ್ ಬಿಡಿಸಿ ಹೇಳಿದರು. ರೋಗಾಣುಗಳ ಜೊತೆ ಕಾದಾಡಬೇಕಾದ ರೋಗನಿರೋಧಕ ಶಕ್ತಿ ಶಿವಲೀಲಾ ಅವರ ಸ್ವಂತ ಮೈಯನ್ನೇ ವೈರಿಯೆಂದು ಶಂಕಿಸಿ ಹೊಡೆಯತೊಡಗಿತ್ತು. ಮೊದಲು ಎಂಜಲು, ಕಣ್ಣೀರಿನ ಗ್ರಂಥಿಗಳು; ಆಮೇಲೆ ನೋವು, ಬಿಸಿ ತಿಳಿಸುವ ಚರ್ಮದ ಎಳೆ ಎಳೆ ನರಗಳು. ನನ್ನ ನಡುಕ ಹೋಗುವುದು ದಪ್ಪ ನರಗಳಲ್ಲಿ. ಅವು ನೆಟ್ಟಗಿದ್ದವು. ಸಣ್ಣ ನರಗಳ ಸುದ್ದಿ ನನಗೆ ತಿಳಿಯುವಂತೆಯೇ ಇರಲಿಲ್ಲ.

ಶಿವಲೀಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. "ರೋಗ ಐತಂತ ಕೇಳಿ ಯಾರರ ಖುಷಿ ಪಡ್ತಾರೇನ್ರಿ? ನಾ ಪಟ್ಟೆ."

ತಬಸ್ಸುಮ್ ಬರೆದ ಪತ್ರದಿಂದ ಕೆಲಸ ಉಳಿಯಿತು. ಈಗ ಬಸ್ಸಿನ ಬದಲು ನಿಲ್ದಾಣದಲ್ಲಿ ಕೂತು ಪಾಸ್ ಕೊಡುವ ಕೆಲಸ. ಔಷಧಿಯಿಂದ ಉರಿ ಅರ್ಧ ಇಳಿಯಿತು. ಪೂರ್ತಿ ಹೋಗಲಿಲ್ಲ.

ಈಗ ನನ್ನ ಹೊಳಪು ಮಾಸಿದೆ. ಹೆಚ್ಚು ಹೊತ್ತು ಡ್ರಾಯರಿನಲ್ಲೇ ಇರುತ್ತೇನೆ. ಹೋದ ತಿಂಗಳು ಶಿವಲೀಲಾ ತಪಾಸಣೆಗೆ ಬಂದಾಗ ತಬಸ್ಸುಮ್ ನನ್ನನ್ನು ಹೊರತೆಗೆದರು. ಈ ಸಲ ಶಿವಲೀಲಾ ತಾವೇ ಕಾಲು ಮುಂದೆ ಚಾಚಿದರು.

"ಗೊತ್ತಾಗ್ತದ್ರಿ ಮೇಡಂ," ಎಂದರು. "ಉರಿನೂ ಐತ್ರಿ. ಎರಡೂ ಬರಕೊಳ್ರಿ."

ತಬಸ್ಸುಮ್ ಎರಡನ್ನೂ ಬರೆದುಕೊಂಡರು. ನಾನು ಯಾವತ್ತೂ ಸುಳ್ಳು ಹೇಳಿದವನಲ್ಲ. ಆದರೂ ನನ್ನ ಮಾತೊಂದನ್ನೇ ನಂಬಿ ಒಬ್ಬಾಕೆಯನ್ನು ಸುಳ್ಳಿ ಎಂದರು. ಹಾಗೆ ಅಂದವರಲ್ಲಿ ನಾನೂ ಒಬ್ಬ.