ಮುಚ್ಚಿದ ಗುಂಡಿಗಳು

ಅಬು ನವ್ವಾಫನ ಕಿವಿಗೆ ಮಾತು ಕೇಳುತ್ತಿತ್ತು, ಗುಡುಗು ಕೇಳುತ್ತಿತ್ತು. ಸಣ್ಣ ದನಿಗಳು ಮಾತ್ರ ಸತ್ತಿದ್ದವು. ಮಗ ಸೊಸೆ ಇಬ್ಬರನ್ನೂ ಒಂದೇ ಏಟಿಗೆ ಕೊಂಡೊಯ್ದ ಬಾಂಬು ಮುದುಕನಿಂದ ಇಷ್ಟನ್ನು ಕಿತ್ತುಕೊಂಡು, ಹಸುಗೂಸು ಜುಮಾನಾಳನ್ನು ಅವನ ಮಡಿಲಿಗೆ ಹಾಕಿತ್ತು. ಈಗ ಅವಳಿಗೆ ಎಂಟು. ನೆಲದಡಿ ಹಳೇ ಕಾಸಿದ್ದರೆ ಲೋಹ ಹುಡುಕುವ ಮಷೀನು ಸೊಳ್ಳೆಯ ಹಾಗೆ ಸಣ್ಣಗೆ ಕೂಗುತ್ತದೆ. ಅದು ಅವನಿಗೆ ಕೇಳದು. ಹಾಗಾಗಿ ಮಷೀನು ತಾತನ ಕೈಗೆ, ಹೆಡ್‌ಫೋನು ಮೊಮ್ಮಗಳ ಕಿವಿಗೆ.

"ಕೂಸನ್ನ ಕರ್ಕೊಂಡು ಆ ಹಾಳು ಹೊಲಕ್ಕೆ ಹೋಗ್ತೀಯಲ್ಲ, ನಿನ್ನ ತಲೇಲಿ ಏನು ತುಂಬ್ಕೊಂಡಿದೆ?" ಎಂದು ಪಕ್ಕದ ಮನೆಯ ಉಮ್ಮ್ ದುರೈದ್ ದಿನಾ ಬಯ್ಯುತ್ತಿದ್ದಳು.

"ಕುರಿ ಮೇಯ್ದ ನೆಲ ಬಿಟ್ಟು ಒಂದು ಹೆಜ್ಜೆ ಆಚೆ ಇಡಲ್ಲ ಕಣಮ್ಮ. ಚಳಿ ಬರೋದ್ರೊಳಗೆ ಈ ಕಾಸು ಮಾರಿ ಸೂರು ಹಾಕ್ಬೇಕು. ನಿನ್ನ ಬೈಗುಳಾನ ಸೂರಿಗೆ ಹೊದಿಸೋಕಾಗತ್ತಾ?"

ಮುದುಕನ ಮಾತಿನಲ್ಲಿ ಸುಳ್ಳಿರಲಿಲ್ಲ. ಇದ್ಲಿಬ್‌ನ ದಕ್ಷಿಣಕ್ಕಿದ್ದ ಆ ಊರಿನ ಹೊಲಗಳಲ್ಲೇ ಐದು ವರ್ಷ ಯುದ್ಧ ಬೀಡುಬಿಟ್ಟಿತ್ತು. ಗಡಿಯ ಡೇರೆಗಳಿಂದ ಮರಳಿ ಬಂದವರಿಗೆ ಸಿಕ್ಕಿದ್ದು ಬರೀ ಗೋಡೆ. ಚಾವಣಿಯ ಕಬ್ಬಿಣವನ್ನೂ ಯಾರೋ ಕಿತ್ತು ಮಾರಿಕೊಂಡಿದ್ದರು. ಕಾದಾಡಿದವರು ಧಾರಾಳವಾಗಿ ಬಿಟ್ಟುಹೋದದ್ದು ನೆಲಬಾಂಬುಗಳನ್ನು ಮಾತ್ರ. ಊರವರಿಗೆ ತಿಳಿದಿದ್ದ ಉಪಾಯ ಒಂದೇ: ಕುರಿ ಹಿಕ್ಕೆ ಬಿದ್ದ ಕಡೆ ಕಾಲಿಡು, ಹಿಕ್ಕೆ ಕಾಣದ ಕಡೆ ದೇವರ ಹೆಸರು ಹೇಳಿಕೊಂಡೂ ಕಾಲಿಡಬೇಡ.

ಕಾಸು ತೆಗೆಯುವುದಕ್ಕೂ ಒಂದು ಕ್ರಮವಿತ್ತು. ಗೀರು ಬಿದ್ದ ಕಾಸಿಗೆ ಕೊಳ್ಳುವವನು ಮೂಗು ಮುರಿಯುತ್ತಾನೆ. ಆದ್ದರಿಂದ ಮೇಲಿನಿಂದ ಚುಚ್ಚಬಾರದು, ಪಕ್ಕದಿಂದ ಬೆರಳಲ್ಲಿ ಮಣ್ಣು ಬಿಡಿಸುತ್ತಾ ಬರಬೇಕು. ತೆಗೆದ ಮೇಲೆ ಗುಂಡಿ ಮುಚ್ಚಿ, ಅಂಗೈಯಲ್ಲಿ ತಟ್ಟಿ, ಒಣಹುಲ್ಲು ಹರಳು ಹರಡಿ, ಯಾರೂ ಮುಟ್ಟಿಯೇ ಇಲ್ಲ ಅನ್ನಿಸಬೇಕು. ಗುಂಡಿ ಕಂಡರೆ ಮರುದಿನವೇ ಹತ್ತು ಮಷೀನು ಬಂದು ಹೊಲವನ್ನು ಕೋಳಿ ಕೆದರಿದ ಹಾಗೆ ಕೆದರಿಬಿಡುತ್ತವೆ. ಈ ಮುಚ್ಚುವ ಕೆಲಸದಲ್ಲಿ ಜುಮಾನಾಳನ್ನು ಮೀರಿಸುವವರಿರಲಿಲ್ಲ. "ಬೆಕ್ಕೂ ಇಷ್ಟು ಚೆನ್ನಾಗಿ ಮುಚ್ಚಲ್ಲ ಕಣೇ" ಎಂದು ತಾತ ಬೆನ್ನು ತಟ್ಟಿದರೆ ಹುಡುಗಿ ಹಿಗ್ಗಿ ಹೀರೇಕಾಯಿ.

ಆ ಬೆಳಿಗ್ಗೆ ಅದೃಷ್ಟ ಕಣ್ಣು ಬಿಟ್ಟಂತಿತ್ತು. ಪಾಳು ಇಗರ್ಜಿಯ ಗೋಡೆಯ ಬುಡದಲ್ಲಿ ಒಂದು ಕಾಸು. ಹತ್ತು ಹೆಜ್ಜೆಗೆ ಇನ್ನೊಂದು. ಅಲ್ಲಿಂದ ಓರೆಯಾಗಿ ಹೋದರೆ ಮತ್ತೊಂದು.

"ತಾತ, ಇದ್ರಲ್ಲಿ ಒಬ್ಬ ರಾಜ ಇದಾನೆ. ಮೂಗು ನಿನ್ನಷ್ಟೇ ಉದ್ದ!"

"ರಾಜರ ಮೂಗು ಇರೋದೇ ಹಾಗೆ. ಮುಚ್ಚು ಬೇಗ."

ಆರು ಕಾಸಾದವು. ಹಿಕ್ಕೆ ಎಲ್ಲಿಗೆ ನಿಂತಿತೆಂದು ಮುದುಕ ನೋಡಬೇಕಿತ್ತು. ನೋಡಲಿಲ್ಲ. ಆಸೆಗೆ ಕಣ್ಣಿಲ್ಲ ಎಂದು ದೊಡ್ಡವರು ಹೇಳುತ್ತಾರೆ, ಹೇಳಿದ ದೊಡ್ಡವರೇ ಹೋಗಿ ಹಳ್ಳಕ್ಕೆ ಬೀಳುತ್ತಾರೆ.

ಏಳನೇ ಸಲ ಮಷೀನು ಕೂಗಿತು. ಜುಮಾನಾ ಮಂಡಿಯೂರಿ ಪಕ್ಕದಿಂದ ಮಣ್ಣು ಬಿಡಿಸತೊಡಗಿದಳು. ಸ್ವಲ್ಪ ಹೊತ್ತಿಗೆ ಅವಳ ಕೈ ನಿಂತಿತು.

"ತಾತ, ಇದು ಕಾಸಲ್ಲ. ಡಬ್ಬಿ."

"ಎಂಥ ಡಬ್ಬಿ?"

"ಪ್ಲಾಸ್ಟಿಕ್‌ದು. ಕಪ್ಪಗಿದೆ." ಅವಳ ದನಿ ಇಳಿಯಿತು. "ಸ್ಕೂಲಲ್ಲಿ ಚಿತ್ರ ತೋರಿಸಿದ್ರಲ್ಲ, ಅದು."

"ಕೈ ತೆಗಿ. ಮೆಲ್ಲಗೆ. ಹಾಂ, ಹಾಗೇ. ಮಂಡಿ ಇಟ್ಟ ಕಡೆಗೇ ಕಾಲಿಟ್ಟು ನಿಂತ್ಕೋ. ಜಾಣೆ ನನ್ನಮ್ಮ." ಆಮೇಲೆ ಮುದುಕ ತಿರುಗಿ ನೋಡಿದ. ಹುಲ್ಲು, ಹರಳು, ಮುಳ್ಳುಗಿಡ. ಕಲ್ಲುನೆಲದಲ್ಲಿ ಹೆಜ್ಜೆಯ ಗುರುತಿಲ್ಲ. ಬಂದದ್ದು ಗುಂಡಿಯಿಂದ ಗುಂಡಿಗೆ ನೆಟ್ಟಗೆ. ಆ ಆರು ಗುಂಡಿಗಳೇ ಈಗ ಇದ್ದ ಒಂದೇ ದಾರಿ. ಒಂದೂ ಕಾಣಲಿಲ್ಲ. ಬೆನ್ನು ತಟ್ಟಿ ತಟ್ಟಿ ಅವನೇ ಕಲಿಸಿದ ಕೆಲಸ ಅದು.

ಫೋನು ಮನೆಯಲ್ಲಿತ್ತು. ಇಬ್ಬರೂ ಗಂಟಲು ಹರಿಯುವಂತೆ ಕೂಗಿದರು. ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಬಿಸಿಲು ನೆತ್ತಿಗೇರಿತು, ಹುಡುಗಿಯ ಕಾಲು ನಡುಗತೊಡಗಿತು. ಅವಳು ಕುಸಿದರೆ ಆ ಡಬ್ಬಿಯ ಮೇಲೇ ಕುಸಿಯಬೇಕು. ಮಷೀನು ಆಡಿಸುತ್ತಾ ಹೋಗೋಣವೆಂದರೆ ಅದರ ಕೂಗು ಅವನಿಗೆ ಕೇಳದು, ಕೇಳುವ ಹುಡುಗಿಯನ್ನು ಆ ನೆಲದಲ್ಲಿ ನಡೆಸುವ ಧೈರ್ಯವಿಲ್ಲ.

"ನಾನು ಹೋಗಿ ಬಾಂಬು ತೆಗೆಯೋರನ್ನ ಕರ್ಕೊಂಡು ಬರ್ತೀನಿ. ನೀನು ಕದಲಬೇಡ. ಗುಂಡಿ ಎಲ್ಲೆಲ್ಲಿ ಮುಚ್ದೆ, ನೆನಪಿದ್ಯಾ?"

"ಇದೆ ತಾತ. ಮೊದ್ಲು ಆ ಬಿಳೀ ಕಲ್ಲಿನ ಪಕ್ಕ."

ಹೋದ. ಹಿಮ್ಮಡಿಯಡಿ ಮಣ್ಣು ಮೆತ್ತಗೆ ಕುಸಿಯಿತು, ಅವರದೇ ಗುಂಡಿ. ಎರಡನೆಯದೂ ಸಿಕ್ಕಿತು. ಮೂರನೆಯದಕ್ಕೆ ಮುಳ್ಳುಗಿಡದ ಗುರುತು ಹೇಳಿದಳು. ಮುಳ್ಳುಗಿಡ ಎರಡಿದ್ದವು.

"ಬಲಗಡೇದು... ಅಲ್ಲ. ಎಡಗಡೇದು. ಎಡದ್ದು ತಾತ."

ಅವನಿಗೆ ಸುತರಾಂ ನೆನಪಿರಲಿಲ್ಲ. ತನ್ನ ಜೀವದ ಬಗ್ಗೆ ಅವನಿಗೆ ಅಂಥ ಮೋಹವೂ ಇರಲಿಲ್ಲ. ಆದರೆ ತಪ್ಪಿದರೆ ಈ ಮಾತನ್ನು ಅವಳು ಇಪ್ಪತ್ತರಲ್ಲೂ ಹೊರುತ್ತಾಳೆ, ಮೊಮ್ಮಕ್ಕಳನ್ನು ಕಂಡ ಮೇಲೂ ಹೊರುತ್ತಾಳೆ. ಮುದುಕ ಜೋರಾಗಿ ನಕ್ಕ.

"ನಿನ್ನ ಮಾತು ಯಾರು ಕೇಳ್ತಾರೆ ಹೋಗೇ! ನಂಗೆ ಚೆನ್ನಾಗಿ ನೆನಪಿದೆ. ನೀನು ಬಾಯಿ ಬಿಡ್ದೇ ಇದ್ರೂ ನಾನು ಎಡಕ್ಕೇ ಹೋಗ್ತಿದ್ದೆ. ಕೇಳಿಸ್ತಾ?"

"ಹೂಂ."

"ಏನು ಕೇಳಿಸ್ತು?"

"ನೀನಾಗೇ ಹೋಗ್ತಿದೀಯ ಅಂತ."

"ಭೇಷ್," ಎಂದು ಎಡದ ಗಿಡದ ಕಡೆ ಹೊರಟ. ಮೂರನೇ ಹೆಜ್ಜೆಗೆ ನೆಲ ಸಿಡಿಯಿತು.

ಕಣ್ಣು ಬಿಟ್ಟಾಗ ಆಕಾಶ ಧೂಳಾಗಿತ್ತು. ಬಲಗಾಲು ಮಂಡಿಯ ಕೆಳಗೆ ಇರಲಿಲ್ಲ. ನೋವು ಇನ್ನೂ ಬಂದಿರಲಿಲ್ಲ. ಮೊಣಕೈಯೂರಿ ತಲೆಯೆತ್ತಿದ. ಜುಮಾನಾಳ ಬಾಯಿ ದೊಡ್ಡದಾಗಿ ತೆರೆದಿತ್ತು, ದನಿ ಮಾತ್ರ ಇಲ್ಲ. ಅವಳು ಕಾಲೆತ್ತಿದಳು, ಗುಂಡಿಗಳ ದಾರಿ ಬಿಟ್ಟು ನೆಟ್ಟಗೆ ಅವನ ಕಡೆಗೆ.

"ಬರಬೇಡ!" ಎಂದ. ಅವನ ಕೂಗು ಅವನಿಗೇ ಕೇಳಲಿಲ್ಲ. ಅವಳಿಗೆ ಕೇಳಿರಬೇಕು, ಒಲ್ಲೆನೆಂದು ತಲೆಯಾಡಿಸಿದಳು. "ನನ್ನಪ್ಪನಾಣೆ ಬರಬೇಡ ಕಣೇ, ಬಂಗಾರಿ!" ಒಂದು ಹೆಜ್ಜೆ ಇಟ್ಟೇಬಿಟ್ಟಳು. ಡೇರೆಯಲ್ಲಿ ಅವನು ಕೆಮ್ಮಿದರೂ ನಿದ್ದೆಯಿಂದೆದ್ದು ನೀರು ತರುತ್ತಿದ್ದ ಹುಡುಗಿ. ಮುದ್ದು ಮಾಡಿದಷ್ಟೂ ಓಡಿ ಬರುತ್ತಾಳೆ. ಅವಳನ್ನು ನಿಲ್ಲಿಸುವ ಮಾತು ಒಂದೇ ಇತ್ತು, ಅದು ಯಾವುದೆಂದು ಅವನಿಗೆ ಗೊತ್ತಿತ್ತು. ಹೊಟ್ಟೆಯಲ್ಲಿ ಉಳಿದಿದ್ದ ಉಸಿರನ್ನೆಲ್ಲ ಅದಕ್ಕೇ ಹಾಕಿದ.

"ನೀನೇ! ನೀನು ತಪ್ಪು ಹೇಳಿದ್ದಕ್ಕೇ ಹೀಗಾಯ್ತು! ಹತ್ರ ಬರಬೇಡ, ನಿನ್ನ ಮುಖ ನೋಡಲ್ಲ ನಾನು!"

ಜುಮಾನಾ ನಿಂತಳು. ಎತ್ತಿದ್ದ ಕಾಲನ್ನು ಹಿಂದಕ್ಕೆಳೆದು, ಎಲ್ಲಿತ್ತೋ ಅಲ್ಲೇ ಇಟ್ಟಳು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಸದ್ದು ಕೇಳಿ ಊರವರು ರಸ್ತೆಗೆ ಓಡಿ ಬಂದರು. ಹಿಕ್ಕೆ ನಿಂತ ಕಡೆಗೇ ಅವರೂ ನಿಂತು ಕೈಬೀಸುತ್ತಿದ್ದರು. ಮುದುಕ ಅತ್ತ ನೋಡಲಿಲ್ಲ. ನೋವು ಈಗ ಬರುತ್ತಿತ್ತು. ಹುಡುಗಿ ಅವನನ್ನೇ ನೋಡುತ್ತಾ ಕಂಬದ ಹಾಗೆ ನಿಂತಿದ್ದಳು. ಅಲ್ಲ ಕಣೇ, ಸುಳ್ಳು ಹೇಳಿದೆ ಎನ್ನಬೇಕೆಂದು ಅವನು ಬಾಯಿ ತೆರೆದ. ಹಾಗಂದರೆ ಅವಳು ಓಡಿ ಬರುತ್ತಾಳೆ. ಬಾಯಿ ಮುಚ್ಚಿಕೊಂಡ.